ಮದ್ದು ಕೊಡುವ ಮೇಜಿನ ಪಕ್ಕದಲ್ಲೇ ತೂಕದ ಯಂತ್ರ ಇರಲಿ: ಕಾಸರಗೋಡಿನ ಆರೋಗ್ಯಾಡಳಿತಕ್ಕೆ ಒಂದು ಬಹಿರಂಗ ಪತ್ರ

ಜಿಲ್ಲಾ ವೈದ್ಯಾಧಿಕಾರಿಗಳಿಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ನೋಡಲ್ ಅಧಿಕಾರಿಗಳಿಗೆ ಹಾಗೂ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಲ್ಲ ಗ್ರಾಮ ಪಂಚಾಯತ್ ಅಧ್ಯಕ್ಷರಿಗೆ

ಮಾನ್ಯರೇ,

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂತಹ ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತ್ಮಹತ್ಯೆಯಿಂದಲೇ ಹೀಗಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಒಂದು ಪಾಲು ಮಾತ್ರ. ಹೆಚ್ಚಿನವರನ್ನು ಕೊಂಡೊಯ್ಯುವುದು ಹೃದಯಾಘಾತ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಶ್ವಾಸಕೋಶದ ರೋಗ. ಇವೆಲ್ಲ ನಮ್ಮ ಕುಟುಂಬಾರೋಗ್ಯ ಕೇಂದ್ರಗಳಲ್ಲಿ ದಿನಾ ನೋಡುವ, ಮೊದಲೇ ಹಿಡಿದರೆ ತಡೆಯಬಹುದಾದ ಕಾಯಿಲೆಗಳು. ಮನಸ್ಸಿಗೆ ಮದ್ದು ಕೊಟ್ಟು ಗುಣದ ದಾರಿಗೆ ತಂದವರನ್ನು ನಾವು ನಲವತ್ತು, ಐವತ್ತರ ಪ್ರಾಯದಲ್ಲಿ ಹೃದಯದ ಕಾಯಿಲೆಗೆ ಬಿಟ್ಟುಕೊಡಬಾರದು.

ನಮ್ಮ ಬೇಡಿಕೆ ಇಷ್ಟೇ. ವ್ಯಾಯಾಮ ಮತ್ತು ಆಹಾರದ ಕಾರ್ಯಕ್ರಮವನ್ನು ಮಾನಸಿಕ ಆರೋಗ್ಯ ಕ್ಲಿನಿಕ್ಕಿನ ಒಳಗೇ ನಡೆಸಿ. ಮದ್ದು ಕೊಡುವ ದಿನವೇ ನಡೆಸಿ, ಮದ್ದು ಶುರುವಾದ ದಿನದಿಂದಲೇ ನಡೆಸಿ. ಜೀವನಶೈಲಿ ರೋಗಗಳ ಕ್ಲಿನಿಕ್ ಬೇರೆ ದಿನ, ಮನೋರೋಗದ ಕ್ಲಿನಿಕ್ ಬೇರೆ ದಿನ ಎಂದಾದರೆ ಪೈವಳಿಕೆಯಿಂದಲೋ ಬಾಯಾರಿನಿಂದಲೋ ಎರಡು ಬಸ್ ಹಿಡಿದು ಬರುವ ಮನೆಯವರು ಎರಡನೆಯ ಸಲ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮಾನಸಿಕ ಕಾಯಿಲೆ ಇರುವವರಿಗೆ ದೈಹಿಕ ಕಾಯಿಲೆ ಇರುವವರಷ್ಟೇ ಸಮಾನವಾದ ಆರೈಕೆಯ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಕೈಗೆ ಸಿಗಬೇಕಾದರೆ ಎರಡೂ ಒಂದೇ ಸೂರಿನಡಿ ಬರಬೇಕು.

ಮೊದಲು ಮದ್ದಿನ ವಿಷಯ. ತೂಕ ಏರಿದವರನ್ನು ಕಂಡು "ತಿನ್ನುವುದು ಜಾಸ್ತಿ, ಮೈಗೆ ಉದಾಸೀನ" ಎಂದುಬಿಡುವುದು ಮನೆಗಳಲ್ಲೂ ಇದೆ, ಆಸ್ಪತ್ರೆಗಳಲ್ಲೂ ಇದೆ. ಸ್ಕಿಜೋಫ್ರೇನಿಯಾದಂತಹ ಕಾಯಿಲೆಗೆ ಕೊಡುವ ಓಲಾಂಜಪಿನ್ ಮತ್ತು ಕ್ಲೋಜಪಿನ್ ಹಸಿವನ್ನು ಹೆಚ್ಚಿಸಿ, ಹೊಟ್ಟೆ ತುಂಬಿದ ಅರಿವನ್ನು ಕುಗ್ಗಿಸುತ್ತವೆ. ತೂಕ ಏರಿಸುವುದರಲ್ಲಿ ಇವೆರಡೇ ಮುಂದು. ರಿಸ್ಪೆರಿಡೋನ್, ಕ್ವೆಟಿಯಾಪಿನ್ ನಡುವೆ ನಿಲ್ಲುತ್ತವೆ. ಹ್ಯಾಲೋಪೆರಿಡಾಲ್, ಅರಿಪಿಪ್ರಜೋಲ್‌ನಲ್ಲಿ ಈ ತೊಂದರೆ ಕಡಿಮೆ. ಬೈಪೋಲಾರ್ ಕಾಯಿಲೆಗೆ ಕೊಡುವ ವಾಲ್ಪ್ರೋಯೇಟ್ ಮತ್ತು ಲಿಥಿಯಂ ಕೂಡ ತೂಕ ಏರಿಸಬಲ್ಲವು. ಏರಿಕೆ ಅತಿ ವೇಗವಾಗಿರುವುದು ಮೊದಲ ಕೆಲವು ವಾರಗಳಲ್ಲಿ. ಮೊದಲ ತಿಂಗಳಲ್ಲೇ ಶೇಕಡಾ 5ರಷ್ಟು ತೂಕ ಹೆಚ್ಚಿದರೆ ಮುಂದೆಯೂ ಬಹಳ ಹೆಚ್ಚುವ ಸಂಭವ ಇದೆ. ಹಾಗಾಗಿ ಎರಡು ವರ್ಷ ಕಳೆದು, ತೂಕ ಇಪ್ಪತ್ತು ಕಿಲೋ ಏರಿದ ಮೇಲೆ "ಸ್ವಲ್ಪ ವಾಕಿಂಗ್ ಮಾಡಿ" ಎಂದು ಹೇಳುವುದರಲ್ಲಿ ಪ್ರಯೋಜನ ಕಡಿಮೆ. ಇಳಿಸುವುದಕ್ಕಿಂತ ಏರದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ.

ಸಿಡ್ನಿಯಲ್ಲಿ ಮೊದಲ ಬಾರಿ ಸೈಕೋಸಿಸ್‌ಗೆ (ಭ್ರಮೆಗಳು ಕಾಡಿ ವಾಸ್ತವದ ಅರಿವು ತಪ್ಪುವ ಸ್ಥಿತಿ) ಒಳಗಾದ ಯುವಜನರಿಗೆ ಮದ್ದಿನ ಜೊತೆಗೇ 12 ವಾರ ಆಹಾರ ಸಲಹೆ ಮತ್ತು ವ್ಯಾಯಾಮ ಕೊಟ್ಟು ನೋಡಿದರು. ಕಾರ್ಯಕ್ರಮದಲ್ಲಿದ್ದವರ ತೂಕ ಸರಾಸರಿ 1.8 ಕಿಲೋ ಏರಿತು, ಮಾಮೂಲಿ ಚಿಕಿತ್ಸೆ ಪಡೆದವರದ್ದು 7.8 ಕಿಲೋ. ಅದು ಮೂವತ್ತಕ್ಕೂ ಕಡಿಮೆ ಜನರ ಚಿಕ್ಕ ಅಧ್ಯಯನ, ಅಂಕೆಯನ್ನು ಹಾಗೆಯೇ ನಮ್ಮ ಜಿಲ್ಲೆಗೆ ತರಲಾಗದು. ಆದರೆ ಯಾವಾಗ ಆರಂಭಿಸಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆ. ಹೇಗೆ ಎಂಬುದಕ್ಕೆ ಇನ್ನೆರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಮನೋರೋಗಿಗಳ ಪುನರ್ವಸತಿ ಕೇಂದ್ರಗಳಲ್ಲೇ ವಾರಕ್ಕೆ ಮೂರು ಸಲ ಗುಂಪು ವ್ಯಾಯಾಮ, ಜೊತೆಗೆ ಆಗಾಗ ತೂಕದ ಬಗ್ಗೆ ಮಾತುಕತೆ ಇಟ್ಟರು. 18 ತಿಂಗಳ ಕೊನೆಗೆ ಉಳಿದವರಿಗೆ ಹೋಲಿಸಿದರೆ ಅವರ ತೂಕ 3.2 ಕಿಲೋ ಹೆಚ್ಚು ಇಳಿದಿತ್ತು. 2013ರಲ್ಲಿ ಇದು ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ನಾಲ್ಕು ವಾರ, ವಾರಕ್ಕೊಂದು ದೀರ್ಘ ತರಗತಿ ನಡೆಸಿ, ಆಮೇಲೆ ಫೋನ್ ಮಾಡಿ, ಮೂರು ತಿಂಗಳಿಗೊಮ್ಮೆ ಮತ್ತೆ ಕರೆದರು. ಒಂದು ವರ್ಷದ ಬಳಿಕ ತೂಕದಲ್ಲಿ ವ್ಯತ್ಯಾಸವೇ ಇರಲಿಲ್ಲ. ಭಾಷಣ ಕೇಳಿಸಿದರೆ ಸಾಲದು, ಕೈಹಿಡಿದು ಮಾಡಿಸಬೇಕು, ಬಿಡದೆ ಮಾಡಿಸಬೇಕು. ವರ್ಷಕ್ಕೊಂದು ಜಾಗೃತಿ ಶಿಬಿರ, ಒಂದು ಬ್ಯಾನರ್, ಒಂದು ಫೋಟೋ ಎಂಬಲ್ಲಿಗೆ ಇದು ಮುಗಿದರೆ ಆ ಹಣ ವ್ಯರ್ಥ.

ಕ್ಲಿನಿಕ್ಕಿನಲ್ಲಿ ಏನೇನು ಬೇಕು? 150 ಕಿಲೋಗಿಂತ ಹೆಚ್ಚು ತೂಗಬಲ್ಲ ಡಿಜಿಟಲ್ ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಎಳೆದರೆ ಹಿಗ್ಗದ ಟೇಪು, ದಪ್ಪ ತೋಳಿಗೂ ಆಗುವ ದೊಡ್ಡ ಪಟ್ಟಿ ಇರುವ ಬಿಪಿ ಯಂತ್ರ, ಗ್ಲುಕೋಮೀಟರ್. ಇದರಲ್ಲಿ ದುಬಾರಿ ಸಾಮಾನು ಒಂದೂ ಇಲ್ಲ. ಯಂತ್ರವನ್ನು ಗಟ್ಟಿ ಸಮ ನೆಲದ ಮೇಲೆ ಇಡಬೇಕು, ಚಾಪೆಯ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಚಪ್ಪಲಿ ಕಳಚಿಸಬೇಕು, ಪ್ರತಿ ಸಲ ಅದೇ ಯಂತ್ರದಲ್ಲಿ ನೋಡಬೇಕು. ಸೊಂಟದ ಸುತ್ತಳತೆ ತೆಗೆಯುವಾಗ ಹೆಚ್ಚಿನ ತಪ್ಪು ಆಗುವುದು ಮುಂಡಿನ ಗಂಟು, ಸೀರೆಯ ನೆರಿಗೆಯ ಮೇಲಿಂದ ಟೇಪು ಸುತ್ತುವುದರಿಂದ. ಎರಡು ಮೂರು ಸೆಂಟಿಮೀಟರ್ ಸುಳ್ಳೇ ಸೇರಿಕೊಳ್ಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಹೊತ್ತಿಗೆ, ಬಟ್ಟೆ ಸರಿಸಿ ಅಳೆಯಬೇಕು. ನಮ್ಮ ಜನರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ. ಹೆಂಗಸರಿಗೆ ಪರದೆಯ ಹಿಂದೆ, ಮಹಿಳಾ ಸಿಬ್ಬಂದಿಯೇ ಅಳೆಯಬೇಕು. ಬಂದ ತೂಕವನ್ನು ಸಾಲಿನಲ್ಲಿದ್ದವರಿಗೆ ಕೇಳುವಂತೆ ಕೂಗಿ ಹೇಳುವುದು ಬೇಡ. ಒಮ್ಮೆ ಅವಮಾನ ಆದವರು ತೂಕಕ್ಕೆ ಮಾತ್ರವಲ್ಲ, ಮದ್ದಿಗೂ ಬರುವುದನ್ನು ನಿಲ್ಲಿಸುತ್ತಾರೆ.

ರಕ್ತದ ಸಕ್ಕರೆಯನ್ನು ಖಾಲಿ ಹೊಟ್ಟೆಯಲ್ಲಿ ನೋಡಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಬಸ್ಸಿಳಿದು ಚೀಟಿ ಮಾಡಿಸುವಾಗ ಹನ್ನೊಂದು ಗಂಟೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ಬೆಳಗ್ಗಿನ ಮಾತ್ರೆಯನ್ನೂ ಬಿಟ್ಟು ಬರುತ್ತಾರೆ, ಸಾಲಿನಲ್ಲಿ ತಲೆ ತಿರುಗಿ ಬೀಳುವವರೂ ಇರುತ್ತಾರೆ. ಇದಕ್ಕೆ ಎರಡು ದಾರಿ: ಊಟದ ಹಂಗಿಲ್ಲದ, ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ (ರಕ್ತಹೀನತೆ ಇರುವವರಲ್ಲಿ ಇದರ ಫಲಿತಾಂಶ ತಪ್ಪಾಗಬಹುದು, ಅದು ನೆನಪಿರಲಿ), ಇಲ್ಲವೇ ಮನೆಗೆ ಹತ್ತಿರದ ಉಪಕೇಂದ್ರದಲ್ಲಿ ಬೆಳಗ್ಗೆ ಏಳೂವರೆಗೆ ನೋಡಿ ಕಾರ್ಡಿನಲ್ಲಿ ಬರೆದುಕೊಡುವುದು. ತೂಕ ಮದ್ದು ಶುರುವಾಗುವ ದಿನ, ಬಳಿಕ ಆರು ವಾರದ ತನಕ ವಾರಕ್ಕೊಮ್ಮೆ, ಮತ್ತೆ 12ನೇ ವಾರ. ಸಕ್ಕರೆ, ಬಿಪಿ, ಕೊಬ್ಬಿನಂಶ ಶುರುವಿನಲ್ಲಿ, 12ನೇ ವಾರದಲ್ಲಿ, ಆಮೇಲೆ ವರ್ಷಕ್ಕೊಮ್ಮೆ. ಕ್ಲಿನಿಕ್ ತಿಂಗಳಿಗೊಮ್ಮೆ ಮಾತ್ರ ಇರುವಲ್ಲಿ ವಾರದ ತೂಕವನ್ನು ಉಪಕೇಂದ್ರದ ನರ್ಸ್ ಅಥವಾ ಆಶಾ ಕಾರ್ಯಕರ್ತೆಯೇ ನೋಡಬೇಕಾಗುತ್ತದೆ.

ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ ಈಗಲೇ ಹೊರೆ ಜಾಸ್ತಿ. ಅವರಿಗೆ ಶೇಕಡಾ ಲೆಕ್ಕ ಹಾಕುವ ಕೆಲಸ ಕೊಡಬಾರದು. ಮೊದಲ ದಿನವೇ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಅಂದಿನ ತೂಕಕ್ಕೆ ಶೇಕಡಾ 5 ಸೇರಿಸಿದ ಒಂದು ಅಂಕೆ ಬರೆದಿಡಿ. 52 ಕಿಲೋ ಇರುವ ಹುಡುಗಿಗೆ ಅದು 54.6, 60 ಕಿಲೋ ಇರುವವನಿಗೆ 63. ಆ ಅಂಕೆ ಮುಟ್ಟಿದ ದಿನ ಕ್ಲಿನಿಕ್ಕಿನ ನರ್ಸಿಗೆ ಫೋನ್ ಹೋಗಬೇಕು, ಅಷ್ಟೇ ಅವರ ಕೆಲಸ. ಮದ್ದು ನಿಲ್ಲಿಸಲು ಯಾರೂ ಹೇಳಕೂಡದು. ಪ್ರಮಾಣ ತಗ್ಗಿಸುವುದೋ, ಬೇರೆ ಮದ್ದಿಗೆ ಬದಲಾಯಿಸುವುದೋ, ಮೂತ್ರಪಿಂಡ ಸರಿಯಿದ್ದರೆ ಸಕ್ಕರೆ ಕಾಯಿಲೆಯ ಮದ್ದಾದ ಮೆಟ್‌ಫಾರ್ಮಿನ್ ಸೇರಿಸುವುದೋ ಎಂಬುದನ್ನು ಮನೋವೈದ್ಯರು ತೀರ್ಮಾನಿಸುತ್ತಾರೆ. ದಪ್ಪಗಾಗುತ್ತೇನೆಂಬ ಭಯದಿಂದ ಗುಟ್ಟಾಗಿ ಮದ್ದು ಬಿಟ್ಟು ಮತ್ತೆ ಕಾಯಿಲೆ ಮರುಕಳಿಸುವುದು, ಅದರಲ್ಲೂ ಮದುವೆಯ ಪ್ರಾಯದ ಹುಡುಗಿಯರಲ್ಲಿ, ತಪ್ಪಬೇಕಾದರೆ ಈ ಮಾತುಕತೆ ಬೇಗ ಆಗಬೇಕು.

ಕಾರ್ಡು ಒಂದೇ ಹಾಳೆ, ಎರಡು ಭಾಷೆ: ಒಂದು ಬದಿ ಮಲಯಾಳ, ಒಂದು ಬದಿ ಕನ್ನಡ. ಇಲ್ಲಿನ ಬಹಳ ಮಂದಿ ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಿಗೂ ಹೋಗುತ್ತಾರೆ. ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿರುವ ಹಲವು ವೈದ್ಯರಿಗೆ ಮಲಯಾಳದ ಟಿಪ್ಪಣಿ ಓದಲು ಬರುವುದಿಲ್ಲ. ಅಲ್ಲಿಂದ ಬಂದ ಚೀಟಿಯಲ್ಲಿ ತೂಕವೇ ಇರುವುದಿಲ್ಲ. ಮದ್ದಿನ ಹೆಸರು, ತಾರೀಕು, ತೂಕ, ಸುತ್ತಳತೆ, ಬಿಪಿ, ಸಕ್ಕರೆ ಎಂಬ ಆರು ಕಾಲಂ ಇರುವ ಕಾರ್ಡು ರೋಗಿಯ ಕೈಯಲ್ಲೇ ಇದ್ದರೆ ಗಡಿಯ ಎರಡೂ ಕಡೆ ನಡೆಯುತ್ತದೆ. ಆಹಾರದ ಸಲಹೆಯಂತೂ ಮನೆಯಲ್ಲಿ ಅಡುಗೆ ಮಾಡುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ತುಳು, ಬ್ಯಾರಿ, ಕೊಂಕಣಿ ಮಾತನಾಡುವ ಮನೆಗಳಿಗೆ ಅಚ್ಚಾದ ಹಾಳೆಗಿಂತ ಬಾಯಿಮಾತೇ ಸರಿ.

ಇನ್ನು ವ್ಯಾಯಾಮ. ವಯಸ್ಕರಿಗೆ ವಾರಕ್ಕೆ 150 ನಿಮಿಷದ ಮಧ್ಯಮ ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಿಂಗಳುಗಟ್ಟಲೆ ಮನೆಯೊಳಗೇ ಇದ್ದವರಿಗೆ ಇದನ್ನು ಮೊದಲ ದಿನ ಹೇಳಿದರೆ ಎರಡನೆಯ ದಿನ ಬರುವುದಿಲ್ಲ. ಮೊದಲ ಎರಡು ವಾರ ಬರೀ ಹತ್ತು ನಿಮಿಷ ನಡಿಗೆ ಸಾಕು. ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಹೋಗಿ. ಮೂರನೆಯ ತಿಂಗಳಿಗೆ ಒಂದು ತರಗತಿ ಹೀಗಿರಬಹುದು: ಮೈ ಸಡಿಲಿಸಲು ಐದು ನಿಮಿಷ, ಬಿರುಸಿನ ನಡಿಗೆ ಇಪ್ಪತ್ತೈದು, ಕುರ್ಚಿಯಿಂದ ಎದ್ದು ಕೂರುವುದು ಹತ್ತರಂತೆ ಎರಡು ಸುತ್ತು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು ಹತ್ತು, ಒಂದು ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಎತ್ತುವುದು ಹತ್ತು, ಕೊನೆಗೆ ಐದು ನಿಮಿಷ ನಿಧಾನ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸರಿ. ನಾಡಿ ಎಣಿಸಿ ವೇಗ ತೀರ್ಮಾನಿಸುವುದು ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಲ್ಲಿ ನಡೆಯದು, ಆ ಮದ್ದು ನಾಡಿಯನ್ನು ತಗ್ಗಿಸಿಡುತ್ತದೆ. ಎಂಟು ಹತ್ತು ಜನಕ್ಕೆ ಒಬ್ಬ ಸಿಬ್ಬಂದಿ, ವಾರಕ್ಕೆ ಮೂರು ದಿನ.

ಸಮಯ ಗೊತ್ತುಮಾಡುವುದರಲ್ಲೇ ಹಲವು ಕಾರ್ಯಕ್ರಮಗಳು ಸೋಲುತ್ತವೆ. ಬೆಳಗ್ಗೆ ಆರಕ್ಕೆ ಕರೆದರೆ ರಾತ್ರಿಯ ಮದ್ದಿನ ಮಂಪರು ಇನ್ನೂ ಇಳಿದಿರುವುದಿಲ್ಲ. ಹತ್ತಕ್ಕೆ ಕರೆದರೆ ಮಾರ್ಚ್‌ನಿಂದ ಮೇ ತನಕ ಬಿಸಿಲು ತಡೆಯಲಾಗದು. ನಡುಕ, ಬಿಗಿತದಂತಹ ಅಡ್ಡಪರಿಣಾಮಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮತ್ತು ಕೆಲವು ಮನೋರೋಗದ ಮದ್ದುಗಳು ಬೆವರುವಿಕೆಯನ್ನೇ ಕುಗ್ಗಿಸುತ್ತವೆ, ಮೈ ಬಿಸಿ ಇಳಿಯುವುದಿಲ್ಲ. ಕ್ಲೋರ್‌ಪ್ರೊಮಜಿನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಸಂಜೆ ಐದರ ಸುಮಾರು ಹೆಚ್ಚಿನವರಿಗೆ ಒಗ್ಗುತ್ತದೆ. ಜೂನ್ ಬಂತೆಂದರೆ ರಸ್ತೆಯ ನಡಿಗೆ ಮುಗಿಯಿತು. ನಾಲ್ಕು ತಿಂಗಳು ನಿಂತುಹೋದದ್ದು ಅಕ್ಟೋಬರಿನಲ್ಲಿ ತಾನಾಗಿ ಶುರುವಾಗುವುದಿಲ್ಲ. ಅದಕ್ಕೇ ಮೇ ತಿಂಗಳೊಳಗೆ ಪ್ರತಿ ಪಂಚಾಯತಿನಲ್ಲಿ ಒಂದು ಸೂರು ಗೊತ್ತುಮಾಡಿ: ಶಾಲೆಯ ಉದ್ದ ಜಗಲಿ, ಪಂಚಾಯತಿನ ಸಭಾಂಗಣ, ಭಜನಾ ಮಂದಿರ, ಮದ್ರಸದ ಹಾಲ್, ಚರ್ಚಿನ ಸಭಾಭವನ. ಇಪ್ಪತ್ತು ಹೆಜ್ಜೆಯ ಜಗಲಿಯಲ್ಲೂ ಅರ್ಧ ಗಂಟೆ ನಡೆಯಬಹುದು.

ಹೆಂಗಸರಿಗೆ ಬೇರೆ ಗುಂಪು ಬೇಕು. ರಸ್ತೆಯಲ್ಲಿ ನಾಲ್ಕು ಜನ ನೋಡುವಂತೆ ನಡೆಯಲು ಎಷ್ಟೋ ಮನೆಯವರು ಬಿಡುವುದಿಲ್ಲ; ಅದೇ ಕುಟುಂಬಶ್ರೀಯ ಅಯಲ್ಕೂಟ (ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪು) ಸೇರುವ ಜಾಗಕ್ಕೆ ಎಂದರೆ ಅಡ್ಡಿ ಮಾಡುವುದಿಲ್ಲ. ಬ್ಯಾನರಿನಲ್ಲಿ 'ಮಾನಸಿಕ ರೋಗಿಗಳಿಗಾಗಿ' ಎಂದು ಬರೆಯಬೇಡಿ. ನೆರೆಹೊರೆಯವರು, ಬಿಪಿ ಇರುವವರು, ಆರೈಕೆ ಮಾಡುವ ಅಮ್ಮಂದಿರು ಎಲ್ಲರೂ ಬರಲಿ. ಎರಡು ಸಲ ಸತತ ತಪ್ಪಿಸಿದವರಿಗೆ ಆ ಸಂಜೆಯೇ ಫೋನ್ ಹೋಗಬೇಕು. ಉತ್ಸಾಹ ಇಲ್ಲದಿರುವುದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣವೇ ಹೌದು, ಹಾಗಾಗಿ ಕರೆಯದೆ ಬರಲಿ ಎಂದು ಕಾಯುವುದು ಸರಿಯಲ್ಲ.

ಸಿಬ್ಬಂದಿಗೆ ಕೆಲವು ಗುರುತುಗಳು ಗೊತ್ತಿರಲೇಬೇಕು. ಕೂತಲ್ಲಿ ಕೂರಲಾಗದೆ ದಿನವಿಡೀ ಅತ್ತಿತ್ತ ನಡೆಯುವವನನ್ನು ಕಂಡು "ಚೆನ್ನಾಗಿ ನಡೆಯುತ್ತಾನೆ" ಎನ್ನಬಾರದು. ಅದು ಮದ್ದಿನ ಅಡ್ಡಪರಿಣಾಮವಾದ ಚಡಪಡಿಕೆ ಇರಬಹುದು, ವೈದ್ಯರಿಗೆ ಹೇಳಬೇಕು. ಕಾಲೆಳೆದು, ಕೈ ಬೀಸದೆ ನಡೆಯುವವರು ಬೇಗ ಬೀಳುತ್ತಾರೆ, ಅವರಿಗೆ ಕುರ್ಚಿ ವ್ಯಾಯಾಮ. ಕ್ಲೋಜಪಿನ್, ಕ್ವೆಟಿಯಾಪಿನ್ ತೆಗೆದುಕೊಳ್ಳುವವರು ತಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲಿಡುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ಕಿಸೆಯಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ. ಎದೆನೋವು ಎಂದವರನ್ನು ಆ ದಿನ ನಡೆಸಬೇಡಿ, ಆಸ್ಪತ್ರೆಗೆ ಕಳುಹಿಸಿ.

ಆಹಾರದ ಬಗ್ಗೆ ನಮ್ಮಲ್ಲಿ ಸಿಗುವ ಹಾಳೆಗಳಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಸಲಾಡ್ ಇರುತ್ತವೆ. ಕಡುಬಡವರ ಹಳದಿ ರೇಷನ್ ಕಾರ್ಡಿನ ಮನೆಗೆ ಅದರಿಂದ ಏನೂ ಪ್ರಯೋಜನವಿಲ್ಲ. ಹಲ್ಲು ಹೋದವರಿಗೆ, ಮದ್ದಿನಿಂದ ಬಾಯಿ ಒಣಗಿದವರಿಗೆ ಹಸಿ ತರಕಾರಿ ಜಗಿಯಲೂ ಆಗುವುದಿಲ್ಲ. ಹರಿವೆ, ಬಸಳೆ, ಅಲಸಂಡೆ, ತೊಂಡೆ, ಸೌತೆ, ನುಗ್ಗೆಸೊಪ್ಪು ಹಿತ್ತಲಲ್ಲೇ ಇವೆ. ಬೇಯಿಸಿ, ಬಟ್ಟಲಿನ ಅರ್ಧ ತುಂಬಿಸಿ. ಕುಚ್ಚಲಕ್ಕಿ ಒಳ್ಳೆಯದೆಂದು ಎಷ್ಟಾದರೂ ಉಣ್ಣಬಹುದೆಂಬ ನಂಬಿಕೆ ಬಹಳ ಇದೆ. ಅದೂ ಅನ್ನವೇ. ನಾಲ್ಕು ಸೌಟು ಉಣ್ಣುತ್ತಿದ್ದವರು ಮೊದಲ ತಿಂಗಳು ಮೂರಕ್ಕೆ ಇಳಿಯಲಿ, ಇಳಿದ ಜಾಗಕ್ಕೆ ಹೆಸರುಕಾಳು, ಹುರುಳಿ ಅಥವಾ ಮೀನು ಬರಲಿ. ಬೂತಾಯಿ, ಬಂಗುಡೆ ಒಳ್ಳೆಯ ಆಹಾರ. ಪುಳಿಮುಂಚಿಯಾಗಿ (ಹುಳಿ ಖಾರದ ಸಾರು) ಮಾಡಿದರೆ ಸರಿ, ಎಣ್ಣೆಯಲ್ಲಿ ಮುಳುಗಿಸಿ ಹುರಿದರೆ ತೂಕಕ್ಕೆ ಕೆಡುಕು. ತೆಂಗಿನಕಾಯಿ ಬಿಡಿ ಎಂದು ನಮ್ಮ ಊರಿನಲ್ಲಿ ಹೇಳಿದರೆ ಉಳಿದ ಸಲಹೆಯನ್ನೂ ಯಾರೂ ಕೇಳುವುದಿಲ್ಲ, ಹಾಗೆ ಹೇಳಬೇಕಾದ ಅಗತ್ಯವೂ ಇಲ್ಲ. ಬದಲಿಗೆ ತಿಂಗಳಿಗೆ ಎಷ್ಟು ಎಣ್ಣೆ ಕೊಳ್ಳುತ್ತೀರಿ ಎಂದು ಕೇಳಿ. ಐದು ಜನರ ಮನೆಗೆ ಮೂರು ಲೀಟರಿನ ಒಳಗಿರಲಿ.

ಮೊದಲು ಕೈಹಾಕಬೇಕಾದದ್ದು ಚಾ ಮತ್ತು ಬೇಕರಿ ತಿಂಡಿಗೆ. ಎರಡು ಚಮಚ ಸಕ್ಕರೆಯ ಚಾ ದಿನಕ್ಕೆ ಐದು ಎಂದರೆ ಸುಮಾರು 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಬಾಯಿ ಒಣಗುವುದಕ್ಕೆ ಶರಬತ್ತು, ಸೋಡಾ ಬದಲು ಜೀರಿಗೆ ನೀರು, ತೆಳ್ಳಗಿನ ಮಜ್ಜಿಗೆ. ರಾತ್ರಿ ಮಾತ್ರೆ ನುಂಗಿದ ಒಂದೆರಡು ಗಂಟೆಗೆ ಬರುವ ಹಸಿವು ಸುಳ್ಳಲ್ಲ. ಅಡುಗೆಮನೆಗೆ ಬೀಗ ಹಾಕುವುದು, ಬೈಯುವುದು ಜಗಳಕ್ಕೆ ದಾರಿ. ಆ ಹೊತ್ತಿಗೆಂದೇ ಒಂದು ಬಟ್ಟಲು ಹುರುಳಿ ಉಸಲಿಯೋ ಬೇಯಿಸಿದ ಮೊಟ್ಟೆಯೋ ತೆಗೆದಿಡಿ. ಬಿಸ್ಕತ್ತಿನ ಡಬ್ಬಿ ಮನೆಯಲ್ಲೇ ಇರದಿರಲಿ. ಇದೆಲ್ಲ ಒಬ್ಬರಿಗೆ ಮಾತ್ರ ಪಥ್ಯವೆಂದಾದರೆ ನಲವತ್ತು ದಿನ ಹಿಡಿದು ಆಮೇಲೆ ಬಿಡುತ್ತಾರೆ, ಮನೆಯವರೆಲ್ಲ ಅದನ್ನೇ ಉಂಡರೆ ಉಳಿಯುತ್ತದೆ. ಅದಕ್ಕೇ ಅಡುಗೆ ಮಾಡುವವರನ್ನೂ ಕರೆದು, ಕ್ಲಿನಿಕ್ಕಿನ ದಿನ ಅಲ್ಲೇ ಒಂದು ಒಲೆ ಇಟ್ಟು ಮಾಡಿ ತೋರಿಸುವುದು ಹಾಳೆ ಹಂಚುವುದಕ್ಕಿಂತ ಮೇಲು.

ಎಲ್ಲರಿಗೂ ಕಡಿಮೆ ಉಣ್ಣಿ ಎನ್ನುವಂತಿಲ್ಲ ಎಂಬುದನ್ನೂ ಹೇಳಬೇಕು. ಒಬ್ಬಂಟಿ ವೃದ್ಧರಲ್ಲಿ, ದೀರ್ಘಕಾಲ ಬೀದಿಯಲ್ಲಿದ್ದು ಬಂದವರಲ್ಲಿ ತೂಕ ತೀರಾ ಕಡಿಮೆ ಇರುತ್ತದೆ, ಅವರಿಗೆ ಹೆಚ್ಚು ಉಣಿಸಬೇಕು. ಪುನರ್ವಸತಿ ಕೇಂದ್ರಗಳಿಗೆ ದಾನಿಗಳು ಹುಟ್ಟುಹಬ್ಬ, ಮದುವೆಯ ನೆಪದಲ್ಲಿ ಪಾಯಸ, ಬಿರಿಯಾನಿ, ಬೇಕರಿ ಪೆಟ್ಟಿಗೆ ತರುತ್ತಾರೆ. ಮನಸ್ಸು ದೊಡ್ಡದು, ಬೇಡ ಎನ್ನಲಾಗದು. ಮೊಟ್ಟೆ, ಹೆಸರುಕಾಳು, ಬಾಳೆಹಣ್ಣು, ಸೊಪ್ಪು ಎಂಬ ಪಟ್ಟಿಯನ್ನು ಮೊದಲೇ ಕೈಗೆ ಕೊಟ್ಟರೆ ಅದನ್ನೇ ಸಂತೋಷದಿಂದ ತರುತ್ತಾರೆ.

ಮೂರು ಎಚ್ಚರಿಕೆಗಳನ್ನು ಪ್ರತಿ ತರಬೇತಿಯಲ್ಲೂ ಹೇಳಲೇಬೇಕು, ಯಾಕೆಂದರೆ ಒಳ್ಳೆಯ ಸಲಹೆಯೇ ಇಲ್ಲಿ ಅಪಾಯ ತರುತ್ತದೆ. ಲಿಥಿಯಂ ತೆಗೆದುಕೊಳ್ಳುವವರಿಗೆ "ಉಪ್ಪು ಪೂರಾ ಬಿಡಿ" ಎಂದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ವಿಪರೀತ ಬೆವರು, ವಾಂತಿ ಭೇದಿಯಲ್ಲೂ ಹೀಗೆಯೇ. ಕೈ ಜೋರಾಗಿ ನಡುಗಿದರೆ, ತೂರಾಡಿದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ. ರಮ್ಜಾನ್ ಉಪವಾಸ ಮಾಡುವವರು ತಿಂಗಳ ಮೊದಲೇ ವೈದ್ಯರನ್ನು ಕಾಣಬೇಕು. ಎರಡನೆಯದು ಬೀಡಿ, ಸಿಗರೇಟು. ಹೊಗೆಯಲ್ಲಿರುವ ರಾಸಾಯನಿಕಗಳು ಕ್ಲೋಜಪಿನ್, ಓಲಾಂಜಪಿನ್‌ಗಳನ್ನು ಯಕೃತ್ತಿನಲ್ಲಿ ಬೇಗ ಕರಗಿಸುತ್ತವೆ. ಧೂಮಪಾನ ನಿಲ್ಲಿಸಿದರೆ ಅದೇ ಮಾತ್ರೆ ಹೆಚ್ಚಾಗುತ್ತದೆ, ಮಂಪರು, ಜೊಲ್ಲು, ಅಪಸ್ಮಾರದ ತನಕ ಹೋಗಬಹುದು. ಬಿಡಬೇಕು, ಆದರೆ ವೈದ್ಯರಿಗೆ ಹೇಳಿ ಬಿಡಬೇಕು. ಎಲೆಯಡಿಕೆ, ಜಗಿಯುವ ಹೊಗೆಸೊಪ್ಪಿಗೆ ಈ ಗುಣ ಇಲ್ಲ, ಅವುಗಳಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಮೂರನೆಯದು ಕ್ಲೋಜಪಿನ್‌ನ ಮಲಬದ್ಧತೆ. ಅದು ಪ್ರಾಣಕ್ಕೆ ಎರವಾದದ್ದುಂಟು. ಸೊಪ್ಪು, ಕಾಳು ಹೆಚ್ಚಿಸುವಾಗ ನೀರನ್ನೂ ಹೆಚ್ಚಿಸಬೇಕು, ಮಲ ಹೋದ ದಿನವನ್ನು ಕೇಳಿ ತಿಳಿಯಬೇಕು.

ಇದಕ್ಕೆ ಹೊಸ ಕಟ್ಟಡ ಬೇಡ. ಆದರೆ ಪ್ರತಿ ಕ್ಲಿನಿಕ್ಕಿನಲ್ಲಿ ಈ ಕೆಲಸ ಯಾರದ್ದು ಎಂದು ಒಬ್ಬ ನರ್ಸಿನ ಹೆಸರಿನಲ್ಲಿ ಆದೇಶ ಆಗಬೇಕು, ಆ ದಿನ ಅವರಿಗೆ ಬೇರೆ ಕೆಲಸ ಹಚ್ಚಬಾರದು. 'ಎಲ್ಲರೂ ನೋಡಿಕೊಳ್ಳಿ' ಎಂದ ಕೆಲಸ ಯಾರೂ ನೋಡಿಕೊಳ್ಳದೆ ಉಳಿಯುತ್ತದೆ. ಪಂಚಾಯತ್ ಅಧ್ಯಕ್ಷರು ಯೋಜನಾ ನಿಧಿಯಲ್ಲಿ ಬಸ್ ಖರ್ಚಿಗೆ, ವ್ಯಾಯಾಮ ಕಲಿಸುವವರ ಗೌರವಧನಕ್ಕೆ ಒಂದು ಸಾಲು ಸೇರಿಸಬೇಕು. ಪಂಚಾಯತ್‌ಗಳೇ ಪಾಲಿಯೇಟಿವ್ ಆರೈಕೆಯನ್ನು (ಹಾಸಿಗೆ ಹಿಡಿದವರ, ತೀವ್ರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಮನೆಮನೆಗೆ ಮುಟ್ಟಿಸುತ್ತಿರುವ ರಾಜ್ಯ ಇದು, ಇಷ್ಟು ನಮಗೆ ಆಗದ್ದಲ್ಲ. ಜಿಲ್ಲೆಗೆ ಹೋಗುವ ವರದಿಯಲ್ಲಿ ಎಷ್ಟು ಶಿಬಿರ ನಡೆಯಿತು ಎಂಬುದು ಬೇಡ. ಹೊಸದಾಗಿ ಮದ್ದು ಶುರುವಾದವರಲ್ಲಿ ಎಷ್ಟು ಮಂದಿಯ ಆರನೆಯ ವಾರದ ತೂಕ ಕಾರ್ಡಿನಲ್ಲಿದೆ, ಕೆಂಪು ಅಂಕೆ ದಾಟಿದವರಲ್ಲಿ ಎಷ್ಟು ಜನರನ್ನು ಹದಿನೈದು ದಿನದೊಳಗೆ ವೈದ್ಯರು ನೋಡಿದರು, ಮೂರು ತಿಂಗಳ ನಂತರವೂ ವ್ಯಾಯಾಮಕ್ಕೆ ಬರುವವರೆಷ್ಟು: ಈ ಮೂರು ಅಂಕೆ ಸಾಕು.

ಮಂಜೇಶ್ವರ ತಾಲೂಕಿನಲ್ಲಿ ಒಂದು, ಕಾಸರಗೋಡು ತಾಲೂಕಿನಲ್ಲಿ ಒಂದು ಕ್ಲಿನಿಕ್ ಆರಿಸಿ, ಆರು ತಿಂಗಳು ನಡೆಸಿ ನೋಡಿ. ಕಾರ್ಡಿನ ಕನ್ನಡ ಕರಡು, ಆಶಾ ಕಾರ್ಯಕರ್ತೆಯರಿಗೆ ಎರಡು ಗಂಟೆಯ ತರಬೇತಿ ಪಾಠ, ಊರಿನ ಅಡುಗೆಗೆ ಹೊಂದುವ ಆಹಾರ ಪಟ್ಟಿ ತಯಾರಿಸಿಕೊಡಲು ನಾವು ಸಿದ್ಧರಿದ್ದೇವೆ. ಸಭೆ ಕರೆದರೆ ಬರುತ್ತೇವೆ.

ವಿಶ್ವಾಸದಿಂದ,
ಕಾಸರಗೋಡಿನ ಕನ್ನಡ ಭಾಗದಲ್ಲಿ ಮಾನಸಿಕ ಆರೋಗ್ಯ, ಶುಶ್ರೂಷೆ ಮತ್ತು ಆಹಾರ ಸಲಹೆಯ ಕೆಲಸದಲ್ಲಿರುವವರು